ಬರಿಗೈಯಲ್ಲಿ ನಡೆಯಬೇಕಿದ್ದ ಚಂದ್ರಕ್ಕ

ನಮ್ಮ ಕಡೆ ಹೆಂಗಸರು ಕೆಲಸವಿಲ್ಲದೆ ನಡೆಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಹೇಳದಿದ್ದರೆ ಈಗಿನವರಿಗೆ ಗೊತ್ತಾಗುವುದಿಲ್ಲ. ಈಗ ಹಿರಿಯೂರಿನಲ್ಲಿ ಬೆಳಗಾದರೆ ಸಾಕು, ಸೀರೆ ಉಟ್ಟು ಕಾಲಿಗೆ ಬೂಟು ಹಾಕಿಕೊಂಡ ಹೆಂಗಸರು ಕೈ ಬೀಸಿಕೊಂಡು ರಸ್ತೆ ತುಂಬ ಹೋಗುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಎಪ್ಪತ್ತೈದನೇ ಇಸವಿಯಲ್ಲಿ ಹರಿಯಬ್ಬೆಯಲ್ಲಿ ಹಾಗೆ ನಡೆಯಲು ಹೊರಟವಳು ನನ್ನ ಅಕ್ಕ ಚಂದ್ರಕ್ಕ ಒಬ್ಬಳೇ. ಅವಳು ಪಟ್ಟ ಪಾಡು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ನನ್ನ ಹೆಸರು ಶಾಂತಕ್ಕ. ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಕ್ಕನಿಗೆ ಸಿಟ್ಟು ಮಾಡಲು ಬರುತ್ತಲೇ ಇರಲಿಲ್ಲ, ಅವಳ ಪಾಲಿನದನ್ನೂ ನಾನೇ ಮಾಡುತ್ತ ಬಂದಿದ್ದೇನೆ.

ನಾವು ಹಿರೇಗುಂಟನೂರಿನವರು. ಅಪ್ಪ ಕರಿಸಿದ್ದಪ್ಪನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ ಇದ್ದವು. ನಾನು ಅಂಬೆಗಾಲಿಡುವಾಗಲೇ ಅವ್ವ ಹೋದಳು. ಆಗಿನಿಂದ ನನ್ನನ್ನು ಸೊಂಟದ ಮೇಲೆ ಹೊತ್ತು, ಎರೆದು, ಉಣಿಸಿ ಬೆಳೆಸಿದವಳು ಅಕ್ಕ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು ಅಷ್ಟೆ. ಹರಿಯಬ್ಬೆಯ ಗೋವಿಂದಪ್ಪನಿಗೆ ಅವಳನ್ನು ಕೊಟ್ಟು ಕಳಿಸುವಾಗ ನಾನು ಅವಳ ಸೆರಗು ಹಿಡಿದುಕೊಂಡು ಗಾಡಿ ಹತ್ತಿ ಕುಳಿತಿದ್ದೆನಂತೆ. ನನ್ನನ್ನು ಕೆಳಗಿಳಿಸಲು ಇಬ್ಬರು ಗಂಡಸರು ಬೇಕಾಯಿತಂತೆ.

ಗೋವಿಂದಪ್ಪ ಭಾವನ ಮನೆಯೂ ನಮ್ಮದರಂತೆ ಹೊಲ, ಕುರಿಯ ಮನೆ. ಆದರೆ ದೊಡ್ಡದು. ಎರಡು ಹೊತ್ತೂ ಆಳುಕಾಳುಗಳೂ ಸೇರಿ ದೊಡ್ಡ ಪಂಕ್ತಿಯೇ ಕೂರುತ್ತಿತ್ತು. ಅಷ್ಟು ಜನಕ್ಕೆ ರಾಗಿಮುದ್ದೆ ಮಾಡುವುದೆಂದರೆ ತಮಾಷೆಯಲ್ಲ. ಕುದಿಯುವ ಹಿಟ್ಟನ್ನು ಗಂಟಾಗದಂತೆ ಕೋಲಿನಲ್ಲಿ ತಿರುವಬೇಕು, ಸುಡುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಬೇಕು. ಅಕ್ಕ ಪಾದಗಳ ನಡುವೆ ಪಾತ್ರೆ ಒತ್ತಿ ಹಿಡಿದು ಕೋಲು ತಿರುವಲು ನಿಂತರೆ ಅತ್ತೆ ಬರಗೇರಮ್ಮನೇ ಮೆಚ್ಚಿಕೊಂಡು ನೋಡುತ್ತಿದ್ದಳಂತೆ. ಮಗಳು ನಾಗಿ ಹುಟ್ಟಿದಳು. ಆಮೇಲೆ ಇನ್ನೊಂದು ಕೂಸು ಹುಟ್ಟಿದ ವಾರದಲ್ಲೇ ಹೋಯಿತು. ಆ ಬಾಣಂತನ ಮುಗಿಯುವ ಹೊತ್ತಿಗೆ ಅಕ್ಕನ ಬೆರಳ ಗೆಣ್ಣುಗಳು ಊದಿಕೊಳ್ಳಲು ಶುರುವಾದವು.

ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕಾಲು. ಕೀಲುಗಳು ಕೆಂಪಗೆ ಊದಿ, ಮುಟ್ಟಿದರೆ ಬೆಚ್ಚಗಿರುತ್ತಿದ್ದವು. ಬೆಳಗ್ಗೆ ಏಳುವಾಗ ಬೆರಳುಗಳು ಮಡಚಿಕೊಂಡೇ ಇರುತ್ತಿದ್ದವು. ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲ. ಊರವರು ವಾಯು ಎಂದರು, ಬಾಣಂತಿ ಗಾಳಿಗೆ ಬಂದಿದ್ದಕ್ಕೆ ಹೀಗಾಯಿತು ಎಂದರು. ಒಂದು ದಿನ ಮುದ್ದೆ ಅವಳ ಕೈಯಿಂದ ಜಾರಿ ಒಲೆಯ ಬೂದಿಗೆ ಬಿತ್ತಂತೆ. ಮಾರನೇ ವಾರ ಅಪ್ಪ ನನ್ನನ್ನು ಕೈಯಾಸರೆಗೆಂದು ಹರಿಯಬ್ಬೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದ. ನನಗಾಗ ಹದಿನೆಂಟು ತುಂಬಿತ್ತು.

ಬರಗೇರಮ್ಮ ಕೆಟ್ಟವಳು ಎಂದು ಹೇಳಿ ಮುಗಿಸಿಬಿಟ್ಟರೆ ನನಗೂ ಸಲೀಸು. ಆದರೆ ಅವಳು ನನಗೆ ಹೊಟ್ಟೆ ತುಂಬ ಹಾಕಿದಳು, ಹಬ್ಬಕ್ಕೆ ಬಳೆ ತೊಡಿಸಿದಳು. ಅವಳಿಗೆ ಬೇಕಾಗಿದ್ದಿದ್ದು ಕೆಲಸ ಮಾಡುವ ಎರಡು ಕೈ. ಆ ಕೈ ಯಾರದಾದರೂ ಅವಳಿಗೆ ನಡೆಯುತ್ತಿತ್ತು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಗಂಡಸರು ಉಂಡು ಎದ್ದಮೇಲೆ, ಮಗನನ್ನು ಮಾತ್ರ ಕೂರಿಸಿಕೊಂಡು ನಮ್ಮಿಬ್ಬರೆದುರೇ ಹೇಳಿದಳು.

“ಇವಳ ಕೈ ಇನ್ನ ಬರಂಗಿಲ್ಲ. ನನಗೂ ವಯಸ್ಸಾತು. ಹೊರಗಿನೋಳ್ನ ಯಾಕೆ ಹುಡುಕ್ಬೇಕು ಗೋವಿಂದಾ? ಮನೇಲೇ ಐತಲ್ಲ ಹುಡುಗಿ. ಅಕ್ಕ ತಂಗೀರು ಒಂದೇ ಒಲೆ ಮುಂದೆ ಇದ್ರೆ ಜಗಳ ಇರಲ್ಲ.”

ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದೆಂಬ ಕಾನೂನು ಬಂದು ಆಗಲೇ ಎಷ್ಟೋ ವರ್ಷವಾಗಿತ್ತು. ಅದೇನಿದ್ದರೂ ಸರ್ಕಾರಿ ನೌಕರಿಯವರಿಗೆ ಎಂದು ನಮ್ಮ ಜನ ತಿಳಿದಿದ್ದರು. ಭಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ಕುಳಿತಿದ್ದ. ಅಕ್ಕ ಗೋಡೆ ಹಿಡಿದು ಎದ್ದು ನಿಂತಳು.

“ಯುಗಾದಿವರೆಗೆ ಬಿಡ್ರಿ ಅತ್ತೆ. ದುರ್ಗದ ದೊಡ್ಡಾಸ್ಪತ್ರೇಲಿ ತೋರಿಸ್ಕಂತೀನಿ. ಯುಗಾದಿ ಹೊತ್ತಿಗೆ ನಾನೇ ಎದ್ದು ಮುದ್ದೆ ತಿರುವ್ಲಿಲ್ಲ ಅಂದ್ರೆ ನೀವು ಹೇಳ್ದಂಗೆ ಆಗ್ಲಿ. ನಾನೇ ಮುಂದೆ ನಿಂತು ಮಾಡಿಸ್ತೀನಿ.”

“ಮಾತು ಕೊಟ್ಟೆ ನೋಡು,” ಎಂದಳು ಬರಗೇರಮ್ಮ.

“ಕೊಟ್ಟೆ.”

ಹಿತ್ತಲಿಗೆ ಬಂದಮೇಲೆ ನಾನು ಅಳಲು ಶುರುಮಾಡಿದೆ. ಅಕ್ಕ ನನ್ನ ಗದ್ದ ಹಿಡಿದು ಎತ್ತಿದಳು. ಆ ಬೆರಳುಗಳಿಗೆ ಬಲವಿರಲಿಲ್ಲ.

“ಈ ಮನೇಗೆ ನನ್ನ ಸವತಿ ಮಾಡಕೆ ನಿನ್ನ ಸಾಕಿಲ್ಲ ಕಣೇ. ನಾನು ಎದ್ದೇ ಏಳ್ತೀನಿ. ನಿನ್ನ ಯಾವನಾದ್ರೂ ಒಳ್ಳೇ ಹುಡುಗನಿಗೆ ಕೊಡ್ಬೇಕು. ನೀನು ಅಳಬ್ಯಾಡ, ನನಗೆ ಕಾಲು ನಡುಗ್ತವೆ.”

ಚಿತ್ರದುರ್ಗದ ಆಸ್ಪತ್ರೆಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. ಅಲ್ಲಿ ದಪ್ಪ ಕನ್ನಡಕದ ಒಬ್ಬ ಡಾಕ್ಟರಮ್ಮ ಇದ್ದಳು. ಅಕ್ಕನ ಒಂದೊಂದು ಬೆರಳನ್ನೂ ಮೆಲ್ಲಗೆ ಒತ್ತಿ ನೋಡಿ, ಮೊಣಕಾಲು ಮಡಿಸಿ ನೋಡಿ, ಬಿಡಿಸಿ ಬಿಡಿಸಿ ಹೇಳಿದಳು.

“ನೋಡಮ್ಮ, ಇದು ಕೀಲುಗಳು ಉರಿದು ಊದಿಕೊಳ್ಳೋ ಕಾಯಿಲೆ. ಪೂರ್ತಿ ಹೋಗೋದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಮಾತ್ರೆಯನ್ನ ಊಟ ಆದಮೇಲೆಯೇ ತಗೋಬೇಕು, ಖಾಲಿ ಹೊಟ್ಟೆಗೆ ಬೇಡ. ಬಿಸಿನೀರಲ್ಲಿ ಕೈ ಇಟ್ಟು ಮುಷ್ಟಿ ಕಟ್ಟು, ಬಿಚ್ಚು. ಬಿಸಿಲು ಬಂದಮೇಲೆ ದಿನಾ ನಡಿ, ಬರಿಗೈಯಲ್ಲಿ, ಆರಾಮಾಗಿ. ಭಾರ ಮಾತ್ರ ಎತ್ತಬೇಡ. ಒಣಗಿಹೋಗಿದ್ದೀಯ, ಹಾಲು, ಮೊಟ್ಟೆ, ಕಾಳು, ಸೊಪ್ಪು ಚೆನ್ನಾಗಿ ತಿನ್ನು.”

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಅದನ್ನೆಲ್ಲ ಮಗ್ಗಿಯ ಹಾಗೆ ಹೇಳಿಕೊಳ್ಳುತ್ತ ಬಂದಳು. ಹಾಲು, ಮೊಟ್ಟೆ, ಕಾಳು, ಸೊಪ್ಪು. ಮುಷ್ಟಿ ಕಟ್ಟು, ಬಿಚ್ಚು. ಬರಿಗೈಯಲ್ಲಿ ನಡಿ. ಪೂರ್ತಿ ಹೋಗುವುದಿಲ್ಲ ಎಂದಿದ್ದನ್ನು ಮಾತ್ರ ಅವಳು ಹೇಳಿಕೊಳ್ಳಲಿಲ್ಲ. ನಾನೂ ನೆನಪು ಮಾಡಲಿಲ್ಲ.

ಈಗ ಊಟದ ಕಥೆ ಕೇಳಿ. ಆ ಮನೆಯಲ್ಲಿ ಗಂಡಸರು ಉಂಡಮೇಲೆ ಆಳುಗಳು, ಆಳುಗಳಾದಮೇಲೆ ಅತ್ತೆ, ಎಲ್ಲರಾದಮೇಲೆ ಸೊಸೆ. ಅಕ್ಕನ ತಟ್ಟೆಗೆ ಬರುವ ಹೊತ್ತಿಗೆ ಸಾರಿನಲ್ಲಿ ಕಾಳು ಇರುತ್ತಿರಲಿಲ್ಲ, ತಿಳಿ ಮಾತ್ರ ಇರುತ್ತಿತ್ತು. ಹಾಲು ಗಂಡಸರಿಗೆ, ಉಳಿದದ್ದು ಹೆಪ್ಪಿಗೆ. ಮೊಟ್ಟೆ ಕಾವಿಗೆ. ಸೊಸೆಯೊಬ್ಬಳು ನನಗೆ ಮೊಟ್ಟೆ ಬೇಕು, ಡಾಕ್ಟರು ಹೇಳಿದ್ದಾರೆ ಎಂದು ಬಾಯಿಬಿಟ್ಟು ಕೇಳುವುದು ಆ ಮನೆಯಲ್ಲಿ ಆಗುವ ಮಾತಲ್ಲ. ಹಾಗಾಗಿ ನಾನು ಕದ್ದೆ. ಬುಟ್ಟಿಯಿಂದ ಒಂದೊಂದೇ ತೆಗೆದು, ಬಟ್ಟೆಯಲ್ಲಿ ಕಟ್ಟಿ, ನೀರೊಲೆಯ ಹಂಡೆಗೆ ಇಳಿಬಿಟ್ಟು ಬೇಯಿಸಿ, ಹುಲ್ಲಿನ ಬಣವೆಯ ಹಿಂದೆ ಅಕ್ಕನಿಗೆ ಕೊಡುತ್ತಿದ್ದೆ. ಅವಳು ಕಳ್ಳಿಯ ಹಾಗೆ ಆಚೀಚೆ ನೋಡುತ್ತ ನುಂಗುತ್ತಿದ್ದಳು.

ಬರಗೇರಮ್ಮನಿಗೆ ಸಿಪ್ಪೆ ಸಿಕ್ಕಿತು. ಅವಳು ಕೂಗಾಡಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು. ಸೊಸೆಯ ಮೇಲಿನ ಕಾಳಜಿಯಿಂದಲೇ ಹೊಸದುರ್ಗದ ಕಡೆಯ ನಾಟಿ ವೈದ್ಯ ಪಾಲಯ್ಯನನ್ನು ಕರೆಸಿದಳು. ಪಾಲಯ್ಯ ನಾಡಿ ಹಿಡಿದು ನೋಡಿದ, ಕರಿ ಪುಡಿ ಕೊಟ್ಟ, ಪಥ್ಯ ಹೇಳಿದ. ಮೊಟ್ಟೆ ನಂಜು. ಕಾಳು ವಾಯು. ಹಾಲು ಮೊಸರು ಶೀತ. ಸೊಪ್ಪಿನಲ್ಲಿ ಹೊನಗೊನ್ನೆ ಒಂದು ಬಿಟ್ಟು ಬೇರೆ ಕೂಡದು. ಹಳೇ ಅಕ್ಕಿಯ ಗಂಜಿ, ಮೆಣಸಿನ ಸಾರು, ಅಷ್ಟೆ. ಪಥ್ಯ ತಪ್ಪಿದರೆ ಪುಡಿ ಒಳಗೇ ವಿಷವಾಗುತ್ತದೆ ಎಂದು ಹೇಳಿ ಹೋದ.

“ಡಾಕ್ಟರಮ್ಮ ತಿನ್ನು ಅಂದಿದ್ದನ್ನೆಲ್ಲ ಇವನು ಬ್ಯಾಡ ಅಂತಾನಲ್ಲ! ಯಾವುದಾದ್ರೂ ಒಂದು ಬಿಡಕ್ಕ,” ಎಂದು ನಾನು ಕಿರುಚಿದೆ.

“ಎರಡೂ ಮಾಡ್ತೀನಿ,” ಎಂದಳು. “ಯಾವುದು ಹಿಡಿಯುತ್ತೋ ಯಾರಿಗ್ಗೊತ್ತು. ಒಂದು ಬಿಟ್ಟು ಆಮೇಲೆ ಅದರಿಂದಲೇ ವಾಸಿ ಆಗ್ತಿತ್ತು ಅಂದ್ರೆ?”

ಎರಡೂ ಮಾಡುವುದೆಂದರೆ ಏನೂ ತಿನ್ನದೆ ಇರುವುದು. ಮಾತ್ರೆ ಡಾಕ್ಟರದು, ಪಥ್ಯ ಪಾಲಯ್ಯನದು. ಸಾಲದ್ದಕ್ಕೆ ಸೋಮವಾರ ಮನೆದೇವರಿಗೆ ಒಪ್ಪೊತ್ತು ಹೊತ್ತುಕೊಂಡಳು. ಅವತ್ತು ಸಂಜೆಯವರೆಗೆ ಬಾಯಿಗೆ ಒಂದು ಅಗುಳು ಹಾಕುತ್ತಿರಲಿಲ್ಲ, ಮಾತ್ರೆ ಮಾತ್ರ ತಪ್ಪಿಸುತ್ತಿರಲಿಲ್ಲ. ಖಾಲಿ ಹೊಟ್ಟೆಗೆ ಮಾತ್ರೆ ಬಿದ್ದು ಹೊಟ್ಟೆ ಉರಿ ಶುರುವಾಗುತ್ತಿತ್ತು, ಹಿತ್ತಲಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದಳು. ನೀನೇ ನಿನ್ನ ಕೊಂದುಕೊಳ್ಳುತ್ತಿದ್ದೀಯ ಎಂದು ನಾನು ಬೈದರೆ, ಬಾಯಿ ಒರೆಸಿಕೊಂಡು, ಯುಗಾದಿ ಎಷ್ಟು ದೂರ ಐತೆ ಎಂದು ಕೇಳುತ್ತಿದ್ದಳು.

ಕೈಯ ವ್ಯಾಯಾಮವನ್ನಂತೂ ಬಿಡಲಿಲ್ಲ. ಬೆಳಗ್ಗೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುವಾಗ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು, ಸದ್ದು ಹೊರಗೆ ಹೋಗಬಾರದೆಂದು. ಆಮೇಲೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೈ ಇಟ್ಟು ಮುಷ್ಟಿ ಕಟ್ಟುವುದು, ಬಿಚ್ಚುವುದು. ನಾಗಿ ಪಕ್ಕದಲ್ಲಿ ಕುಳಿತು ತಾನೂ ಹಾಗೇ ಮಾಡುತ್ತಿದ್ದಳು, ಅವಳಿಗೆ ಅದೊಂದು ಆಟ.

ಇನ್ನು ನಡಿಗೆ. ಮೊದಲ ದಿನ ಅಕ್ಕ ಬಿಸಿಲು ಬಂದಮೇಲೆ ತಲೆ ಬಾಚಿ, ಬರಿಗೈಯಲ್ಲಿ, ಕೆರೆಯ ಹಾದಿ ಹಿಡಿದಳು. ಬಾವಿಕಟ್ಟೆ ದಾಟುವ ಮುಂಚೆಯೇ ಈರಕ್ಕ ಎಂಬ ಹೆಂಗಸು ನಿಲ್ಲಿಸಿ ಕೇಳಿದಳು.

“ಎತ್ಲಾಗೆ ಹೊಂಟೆ ಚಂದ್ರಕ್ಕ?”

“ಎಲ್ಲಿಗೂ ಇಲ್ಲ. ಸುಮ್ನೆ ನಡೀತಿದ್ದೀನಿ.”

ಸುಮ್ಮನೆ! ಆ ಒಂದು ಮಾತು ಊರೆಲ್ಲ ಸುತ್ತಿತು. ಗೋವಿಂದಪ್ಪನ ಹೆಂಡತಿಗೆ ಮನೆಯಲ್ಲಿ ಮುದ್ದೆ ತಿರುವಲು ಕೈ ಬರುವುದಿಲ್ಲವಂತೆ, ಊರು ತಿರುಗಲು ಕಾಲು ಬರುತ್ತವಂತೆ. ಯಾರನ್ನು ಕಾಣಲು ಹೋಗುತ್ತಾಳೋ ಎಂದೂ ಒಬ್ಬರು ಸೇರಿಸಿದರು. ಭಾವ ಮೊದಲ ಸಲ ಬಾಯಿಬಿಟ್ಟ. ಇನ್ನೊಂದು ಸಲ ಹಾಗೆ ಹೋದರೆ ಕಾಲು ಮುರಿಯುತ್ತೇನೆ ಎಂದ. ಆಗಲೇ ಮುರಿದಂತಿದ್ದ ಕಾಲುಗಳವು.

ನಾವಿಬ್ಬರೂ ಕುಳಿತು ಯೋಚಿಸಿದೆವು. ಕೈಯಲ್ಲಿ ಏನಾದರೂ ಇದ್ದರೆ ಯಾರೂ ಕೇಳುವುದಿಲ್ಲ. ಚೆಂಬು ಹಿಡಿದು ಹೋಗಬಹುದು, ಅದಕ್ಕೆ ಯಾರೂ ಎತ್ತ ಎಂದು ಕೇಳುವುದಿಲ್ಲ, ಆದರೆ ಅದು ಬೆಳಕು ಹರಿಯುವ ಮುಂಚಿನ ಕೆಲಸ. ಆ ಹೊತ್ತಿನಲ್ಲಿ ಅಕ್ಕನಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಬುಟ್ಟಿ ಹಿಡಿದರೆ ಸಗಣಿ ಎಲ್ಲಿ, ಕುಡುಗೋಲು ಹಿಡಿದರೆ ಹುಲ್ಲೆಲ್ಲಿ. ಕೊನೆಗೆ ಕೊಡ ಎಂದು ಒಪ್ಪಿಗೆಯಾಯಿತು. ನೀರಿಗೆ ಹೋಗುವ ಹೆಂಗಸನ್ನು ಯಾರೂ ತಡೆಯುವುದಿಲ್ಲ. ದೂರದ ತೋಟದ ಬಾವಿಯ ನೀರು ಸಿಹಿ ಎಂದು ಹೇಳಿ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಅಲ್ಲಿಯವರೆಗೆ ನಡೆಯುವುದು, ನೀರು ತುಂಬದೆ ಸುತ್ತಿ ಮನೆಯ ಹಿಂದಿನಿಂದ ಒಳಗೆ ಬರುವುದು. ಭಾರವೂ ಇಲ್ಲ, ಮಾತೂ ಇಲ್ಲ. ನಮ್ಮ ಬುದ್ಧಿಗೆ ನಾವೇ ನಕ್ಕೆವು.

ಆ ಕೆಲವು ದಿನ ಅಕ್ಕ ಚೆನ್ನಾಗಿದ್ದಳು. ನಿಜವಾಗಿಯೂ ಚೆನ್ನಾಗಿದ್ದಳು. ಊತ ಇಳಿಯಿತು. ಒಂದು ಬೆಳಗ್ಗೆ ನಾಗಿಯನ್ನು ಮುಂದೆ ಕೂರಿಸಿಕೊಂಡು ತಾನೇ ಜಡೆ ಹೆಣೆದಳು. ಹೆಣೆದು ಮುಗಿಸಿ, ಬಿಚ್ಚಿ, ಮತ್ತೆ ಹೆಣೆದಳು. ನನ್ನನ್ನು ಕರೆದು ತೋರಿಸಿ ಬಾಯಿ ತುಂಬ ನಕ್ಕಳು. ಆ ನಗೆ ನೋಡಿ ನನಗೂ ನಂಬಿಕೆ ಬಂತು, ನಾನು ತಪ್ಪಿಸಿಕೊಂಡೆ ಎಂದುಕೊಂಡೆ.

ಆದರೆ ಖಾಲಿ ಕೊಡದ ವಿಷಯ ನಾವಿಬ್ಬರೂ ಮರೆತಿದ್ದೆವು. ಮರೆಯಬಾರದಿತ್ತು, ಹಾಲು ಕುಡಿಯುವ ಕೂಸಿಗೂ ನಮ್ಮಲ್ಲಿ ಅದು ಗೊತ್ತು. ಊರಿನ ಯಜಮಾನ ಉಗ್ರಪ್ಪ ಒಂದು ಜಮೀನಿನ ವ್ಯಾಜ್ಯಕ್ಕಾಗಿ ಬಿಳಿ ಪಂಚೆ ಉಟ್ಟು, ಹಿರಿಯೂರಿನ ಕೋರ್ಟಿಗೆಂದು ಬಸ್ಸಿಗೆ ಹೊರಟಿದ್ದ. ಎದುರಿಗೆ ಅಕ್ಕ, ಸೊಂಟದ ಮೇಲೆ ಬರಿದಾದ ಕೊಡ. ಅದೂ ನೀರಿನ ಕಡೆಯಿಂದ ವಾಪಸು ಬರುತ್ತ. ಉಗ್ರಪ್ಪ ಅಲ್ಲೇ ಚಪ್ಪಲಿ ಕಳಚಿ, ತುಪಕ್ಕನೆ ಉಗಿದು, ನೇರ ನಮ್ಮ ಅಂಗಳಕ್ಕೆ ಬಂದ.

“ಲೇ ಗೋವಿಂದಪ್ಪ! ಬಾವಿಯಿಂದ ಯಾವ ಹೆಂಗಸಾದ್ರೂ ಖಾಲಿ ಕೊಡ ತರ್ತಾಳೇನಲೇ? ಶುಭಕಾರ್ಯಕ್ಕೆ ಹೋಗೋರ ಎದುರಿಗೆ ಬರ್ತಾಳಲ್ಲ, ಊರು ಹಾಳು ಮಾಡ್ಬೇಕು ಅಂತ ಮಾಡಿದ್ದಾಳಾ?”

ಅವತ್ತು ಅವನು ಹಿರಿಯೂರಿಗೆ ಹೋಗಲಿಲ್ಲ, ಕೇಸೂ ಅವನ ವಿರುದ್ಧ ಹೋಯಿತು. ಇನ್ನೇನು ಬೇಕು ಜನಕ್ಕೆ. ಭಾವ ಕೊಡವನ್ನು ಅಂಗಳಕ್ಕೆಸೆದ. “ತುಂಬಿದ ಕೊಡ ಹೊತ್ಕಂಡು ಓಡಾಡು, ಇಲ್ಲ ಮೂಲೇಲಿ ಬಿದ್ದಿರು,” ಎಂದ.

ಅಕ್ಕ ಕೊಡ ತುಂಬಿದಳು. ಭಾರ ಎತ್ತಬೇಡ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು, ಅಕ್ಕನಿಗೆ ಅದು ನೆನಪಿಲ್ಲದೆ ಇರಲಿಲ್ಲ. ಆದರೆ ನಡಿಗೆ ನಿಲ್ಲಿಸಿದರೆ ಕಾಲು ಕಟ್ಟಿಕೊಳ್ಳುತ್ತವೆ ಎಂಬುದು ಅವಳ ಭಯ. ಊರೊಳಗೆ ಬರಿಗೈಯಲ್ಲಿ ನಡೆಯುವಂತಿಲ್ಲ, ಖಾಲಿ ಕೊಡದಲ್ಲಿ ನಡೆಯುವಂತಿಲ್ಲ. ಹೋಗುವಾಗಲೂ ಯಾರಾದರೂ ಎದುರಾದರೆ ಎಂದು ಮನೆಯಿಂದಲೇ ತುಂಬಿಕೊಂಡು ಹೋಗುತ್ತಿದ್ದಳು, ತುಂಬಿಕೊಂಡೇ ಬರುತ್ತಿದ್ದಳು. ಅದು ಹಿತ್ತಾಳೆ ಕೊಡ, ತುಂಬಿದರೆ ಬಲು ಭಾರ.

“ಆ ತೋಟದಲ್ಲಿ ಚೆಲ್ಲಿ ಸ್ವಲ್ಪ ಹೊತ್ತು ಬರಿಗೈಲಿ ಓಡಾಡು, ಬರುವಾಗ ತುಂಬ್ಕೋ,” ಎಂದು ನಾನು ಬೇಡಿಕೊಂಡೆ.

“ಬಾವಿಗೆ ನೀರು ಹೊತ್ಕಂಡು ಹೋಗಿ ಚೆಲ್ಲೋದು ನೋಡಿದ್ರೆ ಹುಚ್ಚು ಹಿಡಿದೈತೆ ಅಂತಾರೆ. ಹುಚ್ಚೀನ ಇಟ್ಕಂತಾರೇನು ಮನೇಲಿ?”

“ಹಂಗಾದ್ರೆ ಕೊಡ ನಾನು ಹೊತ್ಕಂತೀನಿ. ನೀನು ಜತೇಲಿ ಬಾ.”

“ನೀನು ಹೊತ್ತಷ್ಟೂ ನೀನೇ ಬೇಕು ಅಂತಾರೆ ಕಣೇ. ಅಷ್ಟೂ ಗೊತ್ತಾಗಲ್ವಾ ನಿಂಗೆ?”

ಮೊಣಕಾಲು ಮತ್ತೆ ಊದಿತು, ಈ ಸಲ ಮೊದಲಿಗಿಂತ ಹೆಚ್ಚು. ಸೊಂಟದ ಮೇಲೆ ಕೊಡ ಹಿಡಿಯುವ ಮಣಿಕಟ್ಟು ಒಂದು ಕಡೆಗೆ ವಾಲಿಕೊಂಡಿತು. ಗಂಜಿ ಕುಡಿದ ಮೈಯಲ್ಲಿ ಏನಿರುತ್ತದೆ, ರವಿಕೆ ಜೋತು ಬಿದ್ದಿತ್ತು. ನಾನು ಅಡುಗೆಮನೆಯಲ್ಲಿ ಕೋಲು ತಿರುವುತ್ತ, ಕಿಟಕಿಯಿಂದ ಅವಳು ಓಲಾಡುತ್ತ ಹೋಗುವುದನ್ನು ನೋಡುತ್ತಿದ್ದೆ. ಒಂದೊಂದು ಸಲ ಸಾಕು, ಇವಳು ಸೋಲಲಿ, ನಾನೇ ಇಲ್ಲಿ ಇದ್ದುಬಿಡುತ್ತೇನೆ, ಈ ನಡಿಗೆ ನಿಂತರೆ ಸಾಕು ಎನ್ನಿಸುತ್ತಿತ್ತು.

ಶಿವರಾತ್ರಿ ಕಳೆದಮೇಲೆ ಒಂದು ದಿನ ಅವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ. ತೋಟದ ಹಾದಿಯ ಇಳಿಜಾರಿನಲ್ಲಿ ಕುಸಿದು ಬಿದ್ದಿದ್ದಳು. ನೀರೆಲ್ಲ ಚೆಲ್ಲಿ ಸೀರೆ ಕೆಸರಾಗಿತ್ತು. ಒಂದು ಮೊಣಕಾಲು ಮಡಿಸಲೂ ಬಾರದೆ ಚಾಚಲೂ ಬಾರದೆ ನಿಂತುಹೋಗಿತ್ತು. ಎಷ್ಟು ಹೊತ್ತಿನಿಂದ ಹಾಗೆ ಇದ್ದಳೋ, ಕೂಗಿ ಯಾರನ್ನೂ ಕರೆದಿರಲಿಲ್ಲ. ನಾನು ಅವಳನ್ನು ಎತ್ತಲು ಹೋದರೆ ನನ್ನ ಕೈ ತಳ್ಳಿದಳು.

“ಮೊದ್ಲು ಕೊಡ ತುಂಬಿಸ್ಕಂಡ್ ಬಾ. ಖಾಲಿ ಕೊಡ ಹಿಡ್ಕಂಡು ಊರೊಳಗೆ ಹೆಂಗೆ ಹೋಗಾಣ?”

ನಾನು ಅಲ್ಲೇ ಕುಳಿತು, ಅವಳ ತಲೆಯನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತೆ. ಅವಳು ಅಳಲಿಲ್ಲ. ಆಮೇಲೆ ಕೊಡವನ್ನು ತುಂಬಿಸಿದೆ. ತುಂಬಿದ ಕೊಡ ತಲೆಯ ಮೇಲೆ, ಅಕ್ಕ ನನ್ನ ಭುಜಕ್ಕೆ ಒರಗಿ ಕಾಲೆಳೆಯುತ್ತ, ಹಾಗೇ ಊರೊಳಗೆ ಬಂದೆವು. ಎದುರು ಬಂದವರು ಯಾರೂ ಶಕುನ ಕೆಟ್ಟಿತು ಎನ್ನಲಿಲ್ಲ.

ಅಲ್ಲಿಂದಾಚೆಗೆ ಅವಳು ನಡೆಯಲಿಲ್ಲ, ತೆವಳಿದಳು. ಯುಗಾದಿ ಬಂತು. ಹಬ್ಬದ ಮಾರನೇ ದಿನ ಬರಗೇರಮ್ಮ ಮುದ್ದೆ ಕೋಲನ್ನು ಅಕ್ಕನ ಮುಂದೆ ಇಟ್ಟಳು. ವ್ಯಂಗ್ಯಕ್ಕಲ್ಲ, ಮಾತು ಮಾತೇ ಎಂದು ಇಟ್ಟಳು. ಅಕ್ಕ ಕೋಲು ಹಿಡಿದು ಏಳಲು ನೋಡಿದಳು, ಮೊಣಕಾಲು ಏಳಲಿಲ್ಲ. ಮತ್ತೆ ನೋಡಿದಳು. ಮೂರನೇ ಸಲಕ್ಕೆ ಬರಗೇರಮ್ಮನೇ, “ಸಾಕು ಬಿಡು ತಾಯಿ,” ಎಂದು ಕೋಲು ತೆಗೆದುಕೊಂಡಳು.

ಅಪ್ಪನಿಗೆ ಹೇಳಿ ಕಳಿಸಿದರು. ಅಪ್ಪ ಬಂದ, ನನ್ನನ್ನು ಕುರಿಹಟ್ಟಿಯ ಹಿಂದಕ್ಕೆ ಕರೆದು, ನನ್ನ ಮುಖ ನೋಡದೆ ಮಾತಾಡಿದ.

“ನೀನು ಒಲ್ಲೆ ಅಂದ್ರೆ ಬ್ಯಾರೆ ಯಾರನ್ನೋ ತರ್ತಾರಂತೆ. ಬಂದೋಳು ನಿಮ್ಮಕ್ಕನ್ನ ಈ ಮನೇಲಿ ಇರಾಕೆ ಬಿಡ್ತಾಳೇನವ್ವ? ನೀನಿದ್ರೆ ಒಂದು ಹೊತ್ತು ಗಂಜೀನಾದ್ರೂ ಹಾಕ್ತೀಯ. ನೋಡು, ನಾನು ಬಲವಂತ ಮಾಡಲ್ಲ.”

ನಾನು ಹೂಂ ಎಂದೆ. ನನಗೆ ಆ ಮನುಷ್ಯನ ಮುಖ ಕಂಡರೆ ಆಗುತ್ತಿರಲಿಲ್ಲ, ಆ ಮನೆಯ ಹೊಗೆ, ಆ ಪಂಕ್ತಿ, ಆ ಕೋಲು ಯಾವುದೂ ಬೇಡವಾಗಿತ್ತು. ಆದರೆ ನನ್ನನ್ನು ಎತ್ತಿ ಬೆಳೆಸಿದವಳನ್ನು ಬೀದಿಗೆ ಬಿಡಲು ಆಗಲಿಲ್ಲ. ಅಕ್ಕನಿಗೆ ಹೇಳಿದೆ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು, ಅವತ್ತು ಗಂಜಿಯನ್ನೂ ಮುಟ್ಟಲಿಲ್ಲ.

ಆ ಮನೆತನಗಳಲ್ಲಿ ಒಂದು ಪದ್ಧತಿ ಇತ್ತು. ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರಬೇಕಾದರೆ, ಹಿರಿಯರು ಕೂಡಿದ ಕಡೆ ಮೊದಲ ಹೆಂಡತಿಯೇ ಬರುವವಳ ಕೈಗೆ ವೀಳ್ಯ ಇಡಬೇಕು. ಇಟ್ಟರೆ ಅವಳೂ ಒಪ್ಪಿದಳು, ಮನೆದೇವರೂ ಒಪ್ಪಿದ. ವೀಳ್ಯ ನೆಲಕ್ಕೆ ಬಿದ್ದರೆ ಮಾತು ಅಲ್ಲಿಗೇ ಮುರಿಯಿತು, ಆ ಹುಡುಗಿಯನ್ನು ಆ ಮನೆಗೆ ಮತ್ತೆಂದೂ ಕೇಳುವಂತಿಲ್ಲ. ಆದರೆ ಎರಡು ಎಲೆ, ಒಂದು ಅಡಿಕೆ ಯಾರ ಕೈಯಿಂದ ಬೀಳುತ್ತದೆ? ಬಿದ್ದದ್ದನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ.

ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಉಗ್ರಪ್ಪ ನಡುವೆ, ಅವನ ಬಲಕ್ಕೆ ಭಾವ, ಎಡಕ್ಕೆ ಅಪ್ಪ. ಅಕ್ಕನನ್ನು ಎತ್ತಿ ತಂದು ಕೂರಿಸಿ ಬಲಗೈಗೆ ವೀಳ್ಯ ಕೊಟ್ಟರು. ನಾನು ಎದುರಿಗೆ ಕುಳಿತೆ. ಉಗ್ರಪ್ಪ ಮನೆತನದ ಮಾತು, ಹೊಲದ ಮಾತು, ನಾಗಿಯ ಮಾತು ಎಲ್ಲ ಆಡಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ವೀಳ್ಯ ಹಿಡಿದು ತಲೆ ತಗ್ಗಿಸಿ ಕುಳಿತಿದ್ದಳು.

“ಇಡವ್ವ,” ಎಂದ ಉಗ್ರಪ್ಪ.

ನಾನು ಬೊಗಸೆ ಚಾಚಿದೆ. ಅಕ್ಕನ ಕೈ ಮುಂದೆ ಬಂತು. ಅದು ಮೊಣಕೈವರೆಗೆ ನಡುಗುತ್ತಿತ್ತು. ಹಣೆಯ ಮೇಲೆ ಬೆವರು ಒಡೆಯಿತು, ಕೆಳತುಟಿಯನ್ನು ಕಚ್ಚಿ ಹಿಡಿದಿದ್ದಳು. ಪಾಪ, ಹಿಡಿದುಕೊಳ್ಳಲು ಆಗುತ್ತಿಲ್ಲ ಎಂದು ಅಲ್ಲಿದ್ದವರೆಲ್ಲರಿಗೂ ಕಾಣುತ್ತಿತ್ತು. ನಾನು ಬೊಗಸೆಯನ್ನು ಇನ್ನೂ ಹತ್ತಿರ ತಂದೆ. ನನ್ನ ಬೆರಳ ತುದಿಗೆ ಇನ್ನೊಂದು ಗೇಣಿರುವಾಗ ವೀಳ್ಯ ಕಂಬಳಿಯ ಮೇಲೆ ಬಿತ್ತು. ಅಡಿಕೆ ಉರುಳಿ ಹೊಸ್ತಿಲವರೆಗೆ ಹೋಯಿತು.

ಮೊದಲು ಚೇತರಿಸಿಕೊಂಡವಳು ಬರಗೇರಮ್ಮ.

“ಅವಳ ಕೈಲಿ ಶಕ್ತಿ ಇಲ್ಲ, ಬಿತ್ತು ಅಷ್ಟೆ. ಎತ್ತಿ ಕೊಡ್ರಿ, ಇನ್ನೊಂದು ಸಾರಿ ಇಡ್ತಾಳೆ.”

ಉಗ್ರಪ್ಪ ಆಗಲೇ ಹೆಗಲಿಗೆ ಟವೆಲು ಹಾಕಿಕೊಂಡು ಎದ್ದಿದ್ದ. “ಯಾವ ಕಾರಣಕ್ಕೆ ಬಿದ್ರೂ ಬಿದ್ದಂಗೇ. ನೆಲಕ್ಕೆ ಬಿದ್ದ ವೀಳ್ಯ ಎತ್ತಾಕಿಲ್ಲ. ಈ ಹುಡುಗಿ ಈ ಮನೇಗೆ ಆಗಿ ಬರಲ್ಲ, ಬಿಟ್ಟುಬಿಡ್ರಿ,” ಎಂದು ಮೆಟ್ಟಿಲಿಳಿದ.

ಭಾವ ಅಕ್ಕನ ಕಡೆ ನೋಡಿ, ಅಪ್ಪನಿಗೆ ಹೇಳಿದ. “ಹಂಗಾದ್ರೆ ಇಬ್ರನ್ನೂ ಕರ್ಕಂಡ್ ಹೋಗ್ರಿ ಮಾವ. ನಾನು ಮನೆ ನಡೆಸ್ಬೇಕು.”

ನಾಗಿಯನ್ನೂ ಹೆಣ್ಣುಕೂಸು ಎಂದು ನಮ್ಮ ಜತೆಗೇ ಕಳಿಸಿದರು. ಮುಂಗಾರಿಗೆ ಮುಂಚೆಯೇ ಭಾವ ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳನ್ನು ತಂದ. ಅಕ್ಕ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಹಿರೇಗುಂಟನೂರಿನ ನಮ್ಮ ಮನೆಯಲ್ಲಿ ಗೋಡೆ ಹಿಡಿದು ಎದ್ದು, ಗೋಡೆ ಹಿಡಿದು ಕುಳಿತು, ಕೈಗಳು ಪೂರ್ತಿ ಸೊಟ್ಟಗಾಗುವವರೆಗೆ ಬಿಸಿನೀರಿನಲ್ಲಿ ಮುಷ್ಟಿ ಕಟ್ಟುತ್ತ ಬಿಚ್ಚುತ್ತ, ಇನ್ನೂ ಕೆಲವು ವರ್ಷ ಬದುಕಿದಳು. ಎಪ್ಪತ್ತೊಂಬತ್ತರಲ್ಲಿ ನನ್ನ ಮದುವೆ ನೋಡಿದಳು.

ವೀಳ್ಯ ಬಿದ್ದ ದಿನವೇ ಹರಿಯಬ್ಬೆಯಿಂದ ಹೊರಟು, ಹಿರಿಯೂರಿನಲ್ಲಿ ದುರ್ಗದ ಬಸ್ಸು ಹತ್ತಿದೆವು. ಅಪ್ಪ ಮುಂದಿನ ಸೀಟಿನಲ್ಲಿ ನಾಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ. ನಾನು ಅಕ್ಕನ ಪಕ್ಕ ಕುಳಿತು ದಾರಿಯುದ್ದಕ್ಕೂ ಅಳುತ್ತಿದ್ದೆ. ಐಮಂಗಲದಲ್ಲಿ ಬಸ್ಸು ನಿಂತಾಗ ನನಗೆ ತಡೆಯಲಾಗಲಿಲ್ಲ.

“ಒಂದು ಗಳಿಗೆ ಗಟ್ಟಿ ಹಿಡಿದಿದ್ರೆ ನಿನ್ನ ಮನೆ ನಿನಗೆ ಉಳೀತಿತ್ತಲ್ಲಕ್ಕ. ಆ ಹಾಳು ಬೆರಳು ಆಗಲೇ ಕೈ ಕೊಡಬೇಕಿತ್ತಾ?”

ಅಕ್ಕ ಮುಂದಿನ ಸೀಟಿನ ಕಡೆ ನೋಡಿದಳು, ಅಪ್ಪ ತೂಕಡಿಸುತ್ತಿದ್ದ. ಬಲಗೈಯನ್ನು ಸೆರಗಿನೊಳಗಿನಿಂದ ತೆಗೆದು ನನ್ನ ಮಡಿಲಲ್ಲಿಟ್ಟಳು. ಬೆರಳುಗಳು ಊದಿ ಕಪ್ಪಗಾಗಿದ್ದವು.

“ಗಟ್ಟಿಯಾಗೇ ಹಿಡಿದಿದ್ದೆ ಕಣೇ. ಆ ಉಗ್ರಪ್ಪ ಮಾತಾಡಿ ಮುಗಿಸೋ ಹೊತ್ತಿಗೆ ಬೆರಳು ನಾಲ್ಕೂ ಕಚ್ಕಂಡ್ ಬಿಟ್ಟಿದ್ವು,” ಎಂದಳು. “ನಿನ್ನ ಬೊಗಸೆ ಹತ್ರ ಬರೋದ್ರೊಳಗೆ ಅವನ್ನ ಬಿಚ್ಚೋ ಹೊತ್ತಿಗೆ ನನ್ನ ಜೀವ ಹೋಗಿ ಬಂತು.”